ಹೊರಡದೆ ಉಳಿದ ಏಳನೇ ನಂಬರ್

ಹಾನಗಲ್

ಜಪಾನಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಹಿಮದ ಬೆಟ್ಟ ಎನ್ನುತ್ತಾರೆ, ಬಾಣದಂಥ ರೈಲು ಎನ್ನುತ್ತಾರೆ. ನಾನು ನೋಡಿ ಬಂದದ್ದು ಒಂದು ಶೆಡ್ಡು. ಅದರೊಳಗೆ ನಮ್ಮ ನಾಲ್ಕು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದದ ರಾಕೆಟ್ಟೊಂದು ಮಲಗಿದೆ. ಅದು ಒಮ್ಮೆಯೂ ಹಾರಿಲ್ಲ, ಇನ್ನು ಹಾರುವುದೂ ಇಲ್ಲ. ನಮ್ಮ ಓಣಿಯ ಫಾತಿಮಕ್ಕ ಇದನ್ನು ಕೇಳಿ, "ನಿಂತ ಗಾಡಿ ನೋಡಾಕ ಜಪಾನಿಗೆ ಯಾಕ ಹೋಗಬೇಕಿತ್ತವಾ? ಬಸ್‌ಸ್ಟ್ಯಾಂಡಿಗೆ ಹೋಗಿದ್ರ ಆಗ್ತಿತ್ತಲ್ಲ" ಎಂದಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ನಾನು ಹುಸೇನಬಿ. ತವರು ಹುಲಗೂರು, ಕೊಟ್ಟದ್ದು ಹಾನಗಲ್ಲಿಗೆ. ಇಪ್ಪತ್ತೇಳು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ನನ್ನ ಗಂಡ ಇಮಾಮಸಾಬರು ಅದೇ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಡ್ರೈವರ್ ಆಗಿದ್ದವರು. ಗಂಡನ ಹೆಸರು ಹಿಡಿಯುವ ಅಭ್ಯಾಸ ನನಗಿಲ್ಲ, ಆದ್ದರಿಂದ ಇನ್ನು ಮುಂದೆ 'ನಮ್ಮವರು' ಎಂದೇ ಬರೆಯುತ್ತೇನೆ. ಹಿರೇಕೆರೂರಿನಿಂದ ಹೊರಟು ಹಾನಗಲ್, ಶಿಗ್ಗಾಂವ ಮುಟ್ಟಿ ಸವಣೂರಿಗೆ ಹೋಗುವ ಗಾಡಿ ಅವರದು. ನಮ್ಮಿಬ್ಬರನ್ನು ಒಂದೇ ಬಸ್ಸಿಗೆ ಹಾಕಿದ್ದು ಒಂದೇ ಸಲ. ಶಿಗ್ಗಾಂವ ಬರುವಷ್ಟರಲ್ಲಿ ನಮ್ಮ ಜಗಳ ಬಿಡಿಸಲು ಪ್ಯಾಸೆಂಜರುಗಳೇ ಎದ್ದು ನಿಂತಿದ್ದರು. ಆಮೇಲೆ ಡಿಪೋ ಸಾಹೇಬರು ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ನಮ್ಮ ಕಡೆ ಡ್ರೈವರ್ ನಿವೃತ್ತನಾಗುವ ದಿನ ಅವನ ಕೊನೆಯ ಟ್ರಿಪ್ ಎಂದರೆ ಒಂದು ಮದುವೆ. ಬಸ್ಸಿನ ಮೂತಿಗೆ ಬಾಳೆಕಂಬ, ಚೆಂಡುಹೂವಿನ ಮಾಲೆ. ಮುಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳು, ಹಿಂದೆ ಬೀಗರು. ಸ್ಟಾಪಿಗೊಮ್ಮೆ ಪೇಡೆ ಹಂಚುತ್ತ ಹೋಗಿ ಬಂದರೆ, ಡಿಪೋ ಗೇಟಿನಲ್ಲಿ ಉಳಿದ ಡ್ರೈವರುಗಳು ಅವನ ಕೈಹಿಡಿದು ಸೀಟಿನಿಂದ ಇಳಿಸುತ್ತಾರೆ. ಆ ಒಂದು ಸಲ ಇಳಿಯುವುದಕ್ಕಾಗಿ ಮನುಷ್ಯ ಮೂವತ್ತು ವರ್ಷ ಹತ್ತಿರುತ್ತಾನೆ. ನಮ್ಮವರ ನಿವೃತ್ತಿಯ ದಿನ ಲಾಕ್‌ಡೌನಿನ ನಡುವೆ ಬಿತ್ತು. ದೇಶದ ಬಸ್ಸುಗಳೆಲ್ಲ ನಿಂತಿದ್ದವು, ಇವರದೂ ನಿಂತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ, ಒಂದು ಕಾಗದಕ್ಕೆ ಸಹಿ ಹಾಕಿ, ನಡೆದುಕೊಂಡೇ ಮನೆಗೆ ಬಂದರು.

ಅಂದಿನಿಂದ ಅವರು ಬಸ್ ಹತ್ತುವುದನ್ನೇ ಬಿಟ್ಟರು. ಅಕ್ಕಿಆಲೂರಿನ ಸಂತೆಗೂ ಬೈಕು, ಸವಣೂರಿನ ಮದುವೆಗೂ ಬೈಕು. ಹಿಂದೆ ಕೂತ ನನಗೆ ಸೊಂಟನೋವು. ಯಾರಾದರೂ "ಈಗ ಆರಾಮಲ್ಲ, ರಿಟೈರ್ ಆದ್ರಿ" ಎಂದರೆ ಸಾಕು, "ಕಡೀ ಟ್ರಿಪ್ ಹೊಡದಿಲ್ಲ. ನಾ ಇನ್ನೂ ರಿಟೈರ್ ಆಗಿಲ್ಲ" ಎಂದು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಹೋದ ವರ್ಷ ನನ್ನ ಸರದಿ ಬಂತು. ಬಾಳೆಕಂಬ, ಮಾಲೆ, ಪೇಡೆ ಎಲ್ಲ ನನಗೆ ಸಿಕ್ಕಿತು. ನಮ್ಮವರು ಆ ದಿನ ತಲೆನೋವೆಂದು ಹೊದ್ದು ಮಲಗಿದರು. ನೋವು ತಲೆಯಲ್ಲಿ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಸಿಟ್ಟೂ ಬಂತು, ಕನಿಕರವೂ ಬಂತು.

ಇಂಥ ಹೊತ್ತಿನಲ್ಲಿ ಮಗಳು ರೇಷ್ಮಾಳ ಫೋನು ಬಂತು. ಅವಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ಜಪಾನಿನ ದಕ್ಷಿಣಕ್ಕೆ ತಾನೆಗಾಶಿಮಾ ಎಂಬ ದ್ವೀಪವಿದೆ, ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತಾಳೆ.

"ಅವ್ವಾ, ಅಪ್ಪನ್ನ ಕರ್ಕೊಂಡು ಬಾ. ಇಲ್ಲಿ ಥೇಟ್ ಅಪ್ಪನಂಥಾವ್ರು ಇನ್ನೊಬ್ರು ಅದಾರ" ಎಂದಳು.

"ಒಬ್ಬರನ್ನ ಸಂಭಾಳಸೂದ ಸಾಕಾಗೇತಿ, ಇನ್ನೊಬ್ರು ಯಾರವಾ?"

"ಬಾ ಮೊದಲ. ಅಪ್ಪಗ ಏನೂ ಹೇಳಬ್ಯಾಡ."

ಹೇಳಲಿಲ್ಲ. ಮಗಳನ್ನು ನೋಡಿ ಬರೋಣ ಎಂದಷ್ಟೇ ಅಂದೆ. ತಾಯಿ ಮಗಳು ಸೇರಿ ಹೂಡಿದ ಸಂಚಿಗೆ ಗಂಡಸರು ಸಿಕ್ಕಿಬೀಳದೆ ಹೋದ ಉದಾಹರಣೆ ನಮ್ಮ ಮನೆತನದಲ್ಲಿ ಇಲ್ಲ.

ಆಕಾಶ

ಹಾವೇರಿಯಿಂದ ಬೆಂಗಳೂರಿಗೆ ರೈಲು. ಬಸ್ಸಿನ ಮಾತೇ ಎತ್ತಲಿಲ್ಲ. ವಿಮಾನ ಹತ್ತಲು ನಮ್ಮವರದು ತಕರಾರಿರಲಿಲ್ಲ, ಅದು ಬಸ್ಸಲ್ಲವಲ್ಲ. ಆದರೆ ಡ್ರೈವರನನ್ನು ನೋಡದೆ ಗಾಡಿಯಲ್ಲಿ ಕೂರುವುದು ಹೇಗೆಂದು ಬಾಗಿಲಲ್ಲೇ ನಿಂತು ಎಡಕ್ಕೆ ಇಣುಕಿದರು. ಹಿಂದೆ ಕ್ಯೂ ಬೆಳೆಯಿತು. ನನಗೆ ತಡೆಯಲಾಗಲಿಲ್ಲ. "ಒಳಗ ಹೋಗ್ರಿ, ಒಳಗ ಹೋಗ್ರಿ, ಹಿಂದ ಜಾಗಾ ಐತಿ" ಎಂದು ಕೂಗಿಬಿಟ್ಟೆ. ನಮ್ಮವರ ಜೊತೆಗೆ ನಾಲ್ಕು ಜನ ಅಪರಿಚಿತರೂ ದಡಬಡಿಸಿ ಒಳಗೆ ಹೋದರು. ಗಗನಸಖಿ ನನ್ನನ್ನು ನೋಡಿದ ರೀತಿಯಲ್ಲಿ ಗೌರವವಿತ್ತೆಂದು ನಾನು ತಿಳಿದಿದ್ದೇನೆ.

ಇಳಿಯುವಾಗ ಚಕ್ರ ನೆಲಕ್ಕೆ ತಾಗಿ ವಿಮಾನ ನಡುಗಿತು. ಎಲ್ಲರೂ ಕಣ್ಣು ಮುಚ್ಚಿದ್ದರೆ ನಮ್ಮವರು ಮಾತ್ರ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದರು. "ಚಲೋ ಹೊಡೀತಾನ. ಆದ್ರ ಕಡೀಕ ಒಂಚೂರು ಅವಸರ ಮಾಡಿದ" ಎಂದು ತೀರ್ಪು ಕೊಟ್ಟರು.

ಟೋಕಿಯೊ

ಇಲ್ಲಿ ನನ್ನ ಮಾನ ಹೋಯಿತು. ನಮ್ಮವರಿಗೆ ಊಟವಾದ ಮೇಲೆ ಸವಣೂರಿನ ವೀಳ್ಯದೆಲೆ ಬೇಕು. ಬೇರೆ ಊರಿನ ಎಲೆ ಕೊಟ್ಟರೆ ಆಡಿಗೆ ಹಾಕು ಎನ್ನುತ್ತಾರೆ. ಅದಕ್ಕೆ ಒಂದು ಕಟ್ಟು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಯ ಮಡಿಕೆಯಲ್ಲಿಟ್ಟು, ಬ್ಯಾಗಿನ ತಳಕ್ಕೆ ತುರುಕಿದ್ದೆ. ಸೀಟಿನ ಕೆಳಗೆ ಕೋಳಿ ಬಚ್ಚಿಟ್ಟು ಬಸ್ ಹತ್ತಿದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ನಾನು. ನನ್ನ ಮುಖ ಹೇಗಿತ್ತೋ, ಒಂದು ಪುಟ್ಟ ನಾಯಿ ಬಂದು ಬ್ಯಾಗಿನ ಪಕ್ಕ ಸುಮ್ಮನೆ ಕೂತುಬಿಟ್ಟಿತು. ಬೊಗಳಲಿಲ್ಲ, ಬರೀ ಕೂತಿತು. ಎಲೆ, ಹಣ್ಣು, ಬೀಜ ಹೊರಗಿನಿಂದ ತರುವಂತಿಲ್ಲವಂತೆ.

ಕೈಗವಸು ತೊಟ್ಟ ಅಧಿಕಾರಿ ನನ್ನ ಎಲೆಯ ಕಟ್ಟನ್ನು ತೆಗೆದುಕೊಳ್ಳುವಾಗ ಬಗ್ಗಿದ, ಪ್ಲಾಸ್ಟಿಕ್ಕಿಗೆ ಹಾಕುವಾಗ ಬಗ್ಗಿದ, ನನ್ನಿಂದ ಸಹಿ ಪಡೆದು ಮತ್ತೊಮ್ಮೆ ಬಗ್ಗಿದ. ತಪ್ಪು ಮಾಡಿದವಳು ನಾನು, ನಾಚಿಕೆ ಪಟ್ಟವನು ಅವನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಎಲೆಗೇ ಹೋಗಿತ್ತು. ನಮ್ಮವರು ಮುಂದಿನ ವಿಮಾನದ ತನಕ ನನ್ನೊಂದಿಗೆ ಮಾತಾಡಲಿಲ್ಲ. ಅವಮಾನಕ್ಕಲ್ಲ, ಎಲೆಗೆ.

ಕಾಗೋಶಿಮಾ

ಈ ಊರಿನ ಎದುರಿಗೆ ಸಮುದ್ರದಲ್ಲೇ ಒಂದು ಜ್ವಾಲಾಮುಖಿ ಕೂತು ಹೊಗೆ ಬಿಡುತ್ತದೆ. ಗಾಳಿ ಈ ಕಡೆ ಬೀಸಿದರೆ ಊರ ಮೇಲೆ ಬೂದಿ. ಜನ ಗುಡಿಸಿ, ಬೂದಿಗೆಂದೇ ಇರುವ ಚೀಲಕ್ಕೆ ತುಂಬಿ, ಮನೆಯ ಮುಂದಿಟ್ಟು ಒಳಗೆ ಹೋಗುತ್ತಾರೆ. ಅಕ್ಕಿಆಲೂರಿನ ಗಿರಣಿಗಳ ಪಕ್ಕ ಒಣಹಾಕಿದ ಬಟ್ಟೆಯ ಮೇಲೆ ಹೊಟ್ಟಿನ ಬೂದಿ ಬಿದ್ದರೆ ನನ್ನ ನಾದಿನಿ ಗಿರಣಿಯ ಮೂರು ತಲೆಮಾರನ್ನು ಬೈಯುತ್ತಾಳೆ. ಇಲ್ಲಿ ಬೆಟ್ಟವನ್ನು ಬೈಯುವವರು ಒಬ್ಬರೂ ಕಾಣಲಿಲ್ಲ.

ರೇಷ್ಮಾ ವಿಮಾನ ನಿಲ್ದಾಣಕ್ಕೇ ಬಂದಿದ್ದಳು. ಬಂದರಿಗೆ ಹೋಗಲು ಸಿಟಿ ಬಸ್ ಎಂದಳು. ನಮ್ಮವರು ಚೀಲ ಹೊತ್ತು ನಡೆಯತೊಡಗಿದರು. "ಅಪ್ಪಾ, ನಡೆದ್ರ ಹಡಗ ತಪ್ಪತೈತಿ" ಎಂದು ಅವಳು ತೋಳು ಹಿಡಿದು ಎಳೆದು ಹತ್ತಿಸಿದಳು. ಐದು ವರ್ಷದ ವ್ರತ ಹೀಗೆ ಪರದೇಶದಲ್ಲಿ ಮುರಿಯಿತು. ಅವರು ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತರು. ಉಳಿದರ್ಧದಿಂದ ಡ್ರೈವರನ ಕೈಯನ್ನೇ ನೋಡುತ್ತಿದ್ದರು.

ನನಗೆ ಬೇರೆಯೇ ಆಘಾತ ಕಾದಿತ್ತು. ಆ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಹಿಂದಿನ ಬಾಗಿಲಲ್ಲಿ ಹತ್ತುವಾಗ ಒಂದು ಪೆಟ್ಟಿಗೆ ಚೀಟಿ ಕೊಡುತ್ತದೆ, ಮುಂದಿನ ಬಾಗಿಲಲ್ಲಿ ಇಳಿಯುವಾಗ ಇನ್ನೊಂದು ಪೆಟ್ಟಿಗೆ ಅದನ್ನು ನುಂಗುತ್ತದೆ. ಜನ ಮೋಸ ಮಾಡುವುದಿಲ್ಲವೇ ಎಂದು ಕೇಳಿದರೆ ಮಗಳು ನನ್ನನ್ನೇ ಅನುಮಾನದಿಂದ ನೋಡಿದಳು. ಯಾರೂ ಮಾತಾಡುವುದಿಲ್ಲ, ಯಾರೂ ಜಾಗಕ್ಕೆ ಜಗಳವಾಡುವುದಿಲ್ಲ. ಒಂದು ಸ್ಟಾಪಿನಲ್ಲಿ ಎಲ್ಲರೂ ಹತ್ತಿಯಾಯಿತು, ಬಾಗಿಲೂ ಮುಚ್ಚಿತು, ಬಸ್ ಮಾತ್ರ ಹೊರಡಲಿಲ್ಲ. ಒಬ್ಬ ಅಜ್ಜಿ ಕೂರುವ ತನಕ ಡ್ರೈವರ್ ಕಾಯುತ್ತಿದ್ದನಂತೆ. ಅಜ್ಜಿಯನ್ನು ನಾನು ನೋಡಲಿಲ್ಲ. ನನ್ನ ಕೈ ನನ್ನನ್ನು ಕೇಳದೆ ಬಸ್ಸಿನ ಮೈಗೆ ಎರಡು ಏಟು ಬಡಿಯಿತು.

ನಮ್ಮಲ್ಲಿ ಎರಡು ಏಟೆಂದರೆ ಹೊರಡು. ಅಲ್ಲಿ ಯಾರೋ ಸಾಯುತ್ತಿದ್ದಾರೆ ಎಂದು ಅರ್ಥವಿರಬೇಕು. ಡ್ರೈವರ್ ಇಂಜಿನ್ ನಿಲ್ಲಿಸಿ, ಎದ್ದು ಬಂದು, ನನ್ನ ಮುಂದೆ ಮಂಡಿಯೂರಿ ಏನೋ ಕೇಳಿದ. ರೇಷ್ಮಾ ಕೆಂಪಾಗಿ ಏನೋ ಹೇಳಿದಳು. ಬಂದರಿಗೆ ಒಂದು ನಿಮಿಷ ತಡವಾಗಿ ಮುಟ್ಟಿದೆವು. ಆ ಒಂದು ನಿಮಿಷಕ್ಕಾಗಿ ಡ್ರೈವರ್ ಮೈಕಿನಲ್ಲಿ ಎಲ್ಲರ ಕ್ಷಮೆ ಕೇಳಿದ.

ನಮ್ಮವರು ಟವೆಲು ಕೆಳಗಿಳಿಸಿದರು. "ನೋಡು, ಕಂಡಕ್ಟರ್ ಇರಲಾರದ್ದಕ್ಕ ಇವ್ರ ಗಾಡಿ ಟೈಮಿಗೆ ಹೋಗ್ತಾವ" ಎಂದರು. ಐದು ವರ್ಷದಲ್ಲಿ ಬಸ್ಸಿನೊಳಗೆ ಅವರು ಆಡಿದ ಮೊದಲ ಮಾತು ನನಗೆ ಬೈಗುಳವಾದರೂ ನನಗೆ ಖುಷಿಯಾಯಿತು.

ಕಡಲು

ದ್ವೀಪಕ್ಕೆ ಹೋಗುವ ಹಡಗು ನೀರಿನ ಮೇಲೆ ಎದ್ದು ಓಡುತ್ತದೆ. ದೊಡ್ಡ ಪ್ರಾಣಿ ಅಡ್ಡ ಬಂದರೆ ಒಮ್ಮೆಲೇ ನಿಲ್ಲಬೇಕಾದೀತು, ಬೆಲ್ಟ್ ಬಿಚ್ಚಬೇಡಿ ಎಂದು ಹೇಳುತ್ತಲೇ ಇದ್ದರು. ಯಾವ ಪ್ರಾಣಿ ಎಂದು ನಮ್ಮವರು ಕೇಳಿದರು. ತಿಮಿಂಗಿಲ ಎಂದಳು ಮಗಳು.

"ನಮ್ಮ ಕಡೆ ಎಮ್ಮಿ" ಎಂದು ಹೇಳಿ ಅವರು ನಿಶ್ಚಿಂತೆಯಿಂದ ನಿದ್ದೆಹೋದರು.

ತಾನೆಗಾಶಿಮಾ

ಹಡಗಿಳಿದು ದಕ್ಷಿಣಕ್ಕೆ ಹೊರಟರೆ ಎರಡೂ ಬದಿಗೆ ಕಬ್ಬು. ಕಬ್ಬು ಮುಗಿದರೆ ಗೆಣಸು, ಗೆಣಸು ಮುಗಿದರೆ ಭತ್ತದ ಗದ್ದೆ. ಇಷ್ಟು ಖರ್ಚು ಮಾಡಿ ಹಾನಗಲ್ಲಿಗೇ ಬಂದೆವಲ್ಲ ಎಂದು ನನಗೆ ಒಳಗೊಳಗೇ ಪಶ್ಚಾತ್ತಾಪ. ಆದರೆ ಇವರ ಗದ್ದೆಯ ಆಚೆ ಸಮುದ್ರ, ಸಮುದ್ರದ ದಂಡೆಯಲ್ಲಿ ರಾಕೆಟ್ ಹಾರಿಸುವ ಕೇಂದ್ರ. ಗದ್ದೆಯಲ್ಲಿ ಕಳೆ ಕೀಳುವವರು ರಾಕೆಟ್ ಹೋಯಿತೆಂದರೆ ಸೊಂಟ ನೆಟ್ಟಗೆ ಮಾಡಿ ನೋಡಿ ಮತ್ತೆ ಬಗ್ಗುತ್ತಾರಂತೆ. ಹಾರಿಸುವ ಮೊದಲು ದೊಡ್ಡ ದೊಡ್ಡ ಇಂಜಿನಿಯರುಗಳು ಊರ ಗುಡಿಗೆ ಹೋಗಿ ಕೈಮುಗಿಯುತ್ತಾರೆ ಎಂದೂ ರೇಷ್ಮಾ ಹೇಳಿದಳು. ಹೊರಡುವ ಮುನ್ನ ಹುಲಗೂರು ದರ್ಗಾದಲ್ಲಿ ಸಕ್ಕರೆಯ ಮೇಲೆ ದುವಾ ಓದಿಸಿದ್ದಕ್ಕೆ ನನ್ನನ್ನು ಹಳೇ ಕಾಲದವಳೆಂದು ಫೋನಿನಲ್ಲೇ ನಕ್ಕಿದ್ದಳಲ್ಲ, ಅವಳತ್ತ ನಾನು ಸುಮ್ಮನೆ ಒಮ್ಮೆ ನೋಡಿದೆ.

ನಮ್ಮವರ ಕಣ್ಣು ಬೇರೆ ಕಡೆ ಇತ್ತು. "ಆ ಸಿಗ್ನಲ್ ಕಂಬಕ್ಕ ಕೀಲು ಯಾಕ ಐತಿ?" ಎಂದರು. ನಿಜ, ದೀಪದ ಕೈಯನ್ನು ಪಕ್ಕಕ್ಕೆ ತಿರುಗಿಸುವ ಹಾಗೆ ಮಾಡಿದ್ದರು. ಬಂದರಿನಿಂದ ರಾಕೆಟ್ಟಿನ ಭಾಗಗಳನ್ನು ಟ್ರೇಲರಿನಲ್ಲಿ ತರುವಾಗ ಸಿಗ್ನಲ್ಲೇ ಸರಿದು ದಾರಿ ಬಿಡುತ್ತದಂತೆ. ನಮ್ಮಲ್ಲಿ ಮೇವಿನ ಗಾಡಿ ಬಂದರೆ ಮೇಲೆ ಒಬ್ಬ ಕವೆಗೋಲು ಹಿಡಿದು ವೈರು ಎತ್ತುತ್ತ ಕೂತಿರುತ್ತಾನೆ. ಕೆಲಸ ಅದೇ.

"ಆ ಟ್ರೇಲರ್ ಹೊಡಿಯೋವ್ರು ಯಾರು?" ನಮ್ಮವರು ಕೇಳಿದರು.

ರೇಷ್ಮಾ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. "ಭೆಟ್ಟಿ ಆಗ್ತಿಯೇನಪಾ?"

ಅವರ ಹೆಸರು ಹಮಾದಾ. ಎಂಬತ್ತು ದಾಟಿದ, ಗಾಲಿಕುರ್ಚಿಯ ಮೇಲೆ ನೆಟ್ಟಗೆ ಕೂತ ಮನುಷ್ಯ. ಕಾಲು ಸೋತಿವೆ, ಕೈ ಮಾತ್ರ ಇನ್ನೂ ಸ್ಟೇರಿಂಗಿನ ಅಗಲಕ್ಕೇ ಇವೆ. ಮಗಳು ನೋಡಿಕೊಳ್ಳುವ ಮುದುಕರಲ್ಲಿ ಎಲ್ಲರಿಗಿಂತ ಹಟಮಾರಿ ಇವರೇ ಅಂತೆ. ನಮ್ಮವರನ್ನು ಡ್ರೈವರ್ ಎಂದು ಪರಿಚಯಿಸಿದ್ದೇ ತಡ, ಇಬ್ಬರೂ ಗಾಳಿಯಲ್ಲಿ ಗೇರು ಹಾಕಿ ಮಾತು ಶುರುಮಾಡಿದರು. ಉಳಿದದ್ದನ್ನು ರೇಷ್ಮಾ ಆ ಕಡೆ ಈ ಕಡೆ ದಾಟಿಸಿದಳು.

"ಎಷ್ಟು ಸ್ಪೀಡ್ ಹೊಡಿತಿದ್ರಿ ಅಂತ ಕೇಳು" ಎಂದರು ನಮ್ಮವರು.

"ಮನಷ್ಯಾ ನಡಿಯೂದಕ್ಕಿಂತ ಸಾವಕಾಶಂತ."

"ಅಯ್ಯ, ಅಷ್ಟು ಸಾವಕಾಶ ಹೊಂಟ್ರ ಪ್ಯಾಸೆಂಜರ್ ಇಳದು ನಡಕೋತ ಹೋಗ್ತಾರ."

ಹಮಾದಾ ಜೋರಾಗಿ ನಕ್ಕರು. "ನನ್ನ ಪ್ಯಾಸೆಂಜರ್ ಇಳಿಯಂಗಿಲ್ಲ ಅನ್ನಾಕತ್ತಾರ" ಎಂದಳು ಮಗಳು.

ಅವರ ಪ್ಯಾಸೆಂಜರ್ ಎಚ್-ಟು ಎಂಬ ರಾಕೆಟ್. ಅದು ನಿವೃತ್ತಿಯಾಗಿ ಬಹಳ ವರ್ಷವಾಯಿತು. ಅದರ ತಮ್ಮನಂಥ ಇನ್ನೊಂದು ಬಂತು, ಐವತ್ತು ಸಲ ಹೊರಟು ಒಂದೇ ಸಲ ಕೈಕೊಟ್ಟು, ಈಚೆಗೆ ಅದೂ ನಿವೃತ್ತಿಯಾಯಿತು. ಆ ಐವತ್ತರ ಬಗ್ಗೆ ಹಮಾದಾರಿಗೆ ಆಸಕ್ತಿಯಿಲ್ಲ. ಅವರು ತಂದದ್ದು ಅಣ್ಣನನ್ನು. ಬೆರಳು ಮಡಚಿ ಲೆಕ್ಕ ಒಪ್ಪಿಸಿದರು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಸಲವೂ ಅಂಗೈ ನೇರ ಮೇಲಕ್ಕೆ. ಆಮೇಲೆ ಆರು, ಅದೂ ಮೇಲಕ್ಕೆ. ಆಮೇಲೆ ಐದು, ಕೈ ಮೇಲೆ ಹೋಗಿ ಪಕ್ಕಕ್ಕೆ ವಾಲಿತು. ಉಪಗ್ರಹವನ್ನು ಅದರ ಸ್ಟಾಪಿನಲ್ಲಿ ಇಳಿಸಲಿಲ್ಲವಂತೆ. ಆಮೇಲೆ ಎಂಟು, ಕೈ ಅರ್ಧಕ್ಕೆ ಏರಿ ತೊಡೆಯ ಮೇಲೆ ದೊಪ್ಪನೆ ಬಿತ್ತು. ಇಂಜಿನ್ ನಿಂತು ಸಮುದ್ರಕ್ಕೆ ಹೋಯಿತು. ಏನಾಯಿತೆಂದು ತಿಳಿಯಲು ಆ ಇಂಜಿನನ್ನು ಸಮುದ್ರದ ತಳದಿಂದ ಹುಡುಕಿ ಮೇಲೆ ತಂದರಂತೆ.

"ಸಮುದ್ರದ ತಳಕ್ಕ?" ನಮ್ಮವರು ಬೆರಗಾದರು. "ನಮ್ಮ ಕಡೆ ರೋಡ್ ಮ್ಯಾಗ ನಿಂತ ಗಾಡಿ ಹುಡುಕ್ಕೊಂಡು ಮೆಕ್ಯಾನಿಕ್ ಬರೂದ್ರಾಗ ಪ್ಯಾಸೆಂಜರ್ ಊಟಾ ಮಾಡಿ ಒಂದ್ ನಿದ್ದಿ ತಗದಿರ್ತಾರ."

ನನ್ನ ತಲೆಯಲ್ಲಿ ಬೇರೆಯೇ ಗಂಟೆ ಬಾರಿಸುತ್ತಿತ್ತು. ಇಪ್ಪತ್ತೇಳು ವರ್ಷ ಟಿಕೆಟ್ಟಿನ ನಂಬರನ್ನು ಸಾಲಾಗಿ ಬರೆದವಳು ನಾನು. ಸಾಲಿನಲ್ಲಿ ಒಂದು ನಂಬರ್ ಹಾರಿದರೆ ನನಗೆ ಅನ್ನ ಇಳಿಯುವುದಿಲ್ಲ, ಎದುರಿಗೆ ಚೆಕಿಂಗ್ ಸಾಹೇಬರು ನಿಂತ ಹಾಗೆ ಆಗುತ್ತದೆ. ಐದು ಆರರ ಅದಲುಬದಲು ಹೋಗಲಿ.

"ಏಳನೇದು ಎಲ್ಲೈತ್ರಿ?" ಎಂದೆ.

ರೇಷ್ಮಾ ಅದನ್ನು ದಾಟಿಸಿದಳು. ಹಮಾದಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಎಂಟನೆಯದನ್ನು ಏಳಕ್ಕಿಂತ ಮೊದಲು ಕಳಿಸಿದರು, ಅದು ಬಿತ್ತು, ಬಿದ್ದ ಮೇಲೆ ಆ ಜಾತಿಯ ರಾಕೆಟ್ಟನ್ನೇ ನಿಲ್ಲಿಸಿಬಿಟ್ಟರು. ಏಳನೆಯದು ತಯಾರಾಗಿದ್ದೂ ಹೊರಡಲಿಲ್ಲ. ಬಂದರಿನಿಂದ ಅದರ ಭಾಗಗಳನ್ನೂ ಹಮಾದಾರೇ ತಂದಿದ್ದರು. ಪ್ರತಿಯೊಂದನ್ನೂ ಇಳಿಸಿದ ಮೇಲೆ ಮೈದಟ್ಟಿ "ಹೋಗಿ ಬಾ" ಎನ್ನುವುದು ಅವರ ರೂಢಿ. ಹೋದದ್ದು ಬರುವುದಿಲ್ಲವೆಂದು ಗೊತ್ತಿದ್ದೂ ಹಾಗೇ ಅನ್ನುತ್ತಾರಂತೆ. ನಾವೂ ಮನೆಯಿಂದ ಹೊರಟವರಿಗೆ ಹೋಗು ಎಂದಷ್ಟೇ ಎಲ್ಲಿ ಅನ್ನುತ್ತೇವೆ? ಏಳಕ್ಕೂ ಹೋಗಿ ಬಾ ಎಂದಿದ್ದರು. ಅದು ಇಲ್ಲೇ, ಒಂದು ಶೆಡ್ಡಿನಲ್ಲಿ, ನೋಡಲು ಬಂದವರಿಗೆಂದು ಮಲಗಿದೆ. ಇಷ್ಟು ಹತ್ತಿರವಿದ್ದೂ ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಹೋಗಿಲ್ಲ.

"ಅದು ಹೋದ್ರ ವಾಪಸ್ ಬರೂದ ಇಲ್ಲೇನು?" ನಮ್ಮವರು ಮೆಲ್ಲಗೆ ಕೇಳಿದರು.

"ಇಲ್ಲಪಾ. ಒಂದ ಸಲ ಹೋಗೂ ಗಾಡಿ ಅದು."

"ಅಂದ್ರ ಅದರ ಮೊದಲನೇ ಟ್ರಿಪ್ಪ ಕಡೀ ಟ್ರಿಪ್ಪು." ಆಮೇಲೆ ಎದ್ದು, "ನಾಳಿಗೆ ಇವರನ್ನ ಕರ್ಕೊಂಡು ಹೋಗೂಣು. ಕುರ್ಚಿ ನಾ ದೂಡತೇನಿ" ಎಂದರು. ಸಂಚು ಹೂಡಿದ ನಾವಿಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ತಲೆಯಾಡಿಸಿದೆವು.

ಶೆಡ್ಡು

ರಾಕೆಟ್ ಕೇಂದ್ರವನ್ನು ಬಸ್ಸಿನಲ್ಲಿ ಕೂರಿಸಿ ತೋರಿಸುತ್ತಾರೆ. ಹತ್ತು ಹನ್ನೆರಡು ಜನ ಜಪಾನಿಗಳು, ಜೊತೆಗೆ ನಾವು. ಹಮಾದಾರ ಗಾಲಿಕುರ್ಚಿಗೆ ಮೊದಲೇ ಹೇಳಿ ಜಾಗ ಮಾಡಿಸಿದ್ದಳು ರೇಷ್ಮಾ. ನಮ್ಮವರು ಈ ಸಲ ಟವೆಲು ಹೊದೆಯದೆ, ಟೋಪಿಯಲ್ಲೇ ಬಸ್ ಹತ್ತಿದರು. ಹಮಾದಾರ ಕುರ್ಚಿಯನ್ನು ಹಿಡಿಯಲು ಎರಡೂ ಕೈ ಬೇಕಿತ್ತು. ಗೈಡ್ ಹುಡುಗಿ ಚೂಟಿ. ನಗುತ್ತಲೇ ಮಾತಾಡುತ್ತಾಳೆ, ನಗುತ್ತಲೇ ಗಡಿಯಾರ ನೋಡುತ್ತಾಳೆ.

ಶೆಡ್ಡಿನ ಬಾಗಿಲು ತೆರೆಯಿತು. ಎಲ್ಲೋ ಚಿತ್ರದಲ್ಲಿ ನೋಡಿ ರಾಕೆಟ್ ಎಂದರೆ ನಿಂತದ್ದು ಎಂದುಕೊಂಡಿದ್ದೆ. ಇದು ಮಲಗಿತ್ತು, ಭಾಗ ಭಾಗವಾಗಿ, ಕಿತ್ತಳೆಗಂದು ಮೈಯ ಮೇಲೆ ದೇಶದ ಹೆಸರು ಬರೆಸಿಕೊಂಡು. ಒಂದು ಗೀರಿಲ್ಲ, ಒಂದು ಮಸಿಯ ಕಲೆಯಿಲ್ಲ. ಎಣ್ಣೆ ಬಳಿದು ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿ, ಆಮೇಲೆ ಹೋಗಬೇಡ ಎಂದ ಹಾಗಿತ್ತು.

ಹಮಾದಾ ಬಾಗಿಲಲ್ಲೇ ಕುರ್ಚಿಯ ಬ್ರೇಕ್ ಎಳೆದುಬಿಟ್ಟರು. ತಲೆ ತಗ್ಗಿಸಿ ಏನೋ ಗೊಣಗಿದರು.

"ಒಳಗ ಬ್ಯಾಡಂತ" ಎಂದಳು ರೇಷ್ಮಾ. "ಅದಕ್ಕ ಮುಖಾ ತೋರಸಾಕ ಆಗಂಗಿಲ್ಲಂತ. ಹೋಗಿ ಬಾ ಅಂತ ಹೇಳಿ ಹಿಂಗ ಕುಂದರಿಸಿಬಿಟ್ನಿ ಅಂತಾರ."

ಗೈಡ್ ಗಡಿಯಾರ ನೋಡಿದಳು. ನಮ್ಮವರು ಕುರ್ಚಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು.

"ರೇಷ್ಮಾ, ನಾ ಹೇಳಿದ್ದು ಹೇಳಿದಂಗ ಹೇಳು. ಗಾಡಿ ಶೆಡ್ಡಿನ್ಯಾಗ ನಿಂತ್ರ ಗಾಡೀದು ತಪ್ಪಲ್ಲ. ಡ್ರೈವರಂದೂ ತಪ್ಪಲ್ಲ. ಹೊಂಡು ಅಂತ ಯಾರೂ ಹೇಳ್ಲಿಲ್ಲ, ಅದಕ್ಕ ಹೊಂಡಲಿಲ್ಲ. ಅಷ್ಟ."

ಇದೇ ಮಾತನ್ನು ನಾನು ಐದು ವರ್ಷ ಉಣ್ಣುವಾಗ, ಏಳುವಾಗ, ಬೈಕಿನ ಹಿಂದೆ ಕೂತು ಅವರ ಕಿವಿಯಲ್ಲಿ ಹೇಳಿ ಸೋತಿದ್ದೆ. ಈಗ ಅವರ ಬಾಯಿಂದಲೇ ಕೇಳಿ ಕಣ್ಣು ತುಂಬಿತು. ಜೊತೆಗೆ, ಹೆಂಡತಿ ಹೇಳಿದ್ದು ಗಂಡಸಿನ ತಲೆಗೆ ಹೋಗಲು ಜಪಾನಿನ ತನಕ ಬರಬೇಕೇ ಎಂದು ಹೊಟ್ಟೆಯೂ ಉರಿಯಿತು.

ಹಮಾದಾ ನಮ್ಮವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಬ್ರೇಕ್ ಬಿಟ್ಟರು. ಬೆನ್ನು ನೆಟ್ಟಗೆ ಮಾಡಿ ತೋರುಬೆರಳು ಚಾಚಿ ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮುಂದಕ್ಕೊಮ್ಮೆ ತೋರಿಸಿ "ಯೋಶಿ" ಎಂದರು. ಗಾಡಿ ಬಿಡುವ ಮುನ್ನ ಇಲ್ಲಿಯ ಡ್ರೈವರುಗಳು ಎಲ್ಲ ಸರಿಯಿದೆ ಎಂದು ಹೀಗೆ ಬೆರಳು ತೋರಿಸಿಯೇ ಹೇಳಬೇಕಂತೆ. ನಮ್ಮವರು ಹಿಂದೆ ಬಂದು ಹಿಡಿಕೆ ಹಿಡಿದರು. ಹಿಡಿದು ಸುಮ್ಮನೆ ನಿಂತರು.

"ಅಪ್ಪಾ, ಹೊಂಡು" ಎಂದಳು ರೇಷ್ಮಾ.

"ಕಂಡಕ್ಟರ್ ಹೇಳಲಾರದ ಹೆಂಗ ಹೊಂಡ್ಲಿ?"

ಎಲ್ಲರೂ ನನ್ನತ್ತ ತಿರುಗಿದರು. ಸಾವಿರಾರು ಸಲ ಕೂಗಿದ ಮಾತು. "ರೈಟ್" ಎಂದೆ. ಶೆಡ್ಡಿನ ಗೋಡೆಗಳು ಅದನ್ನು ನನಗಿಂತ ಚೆನ್ನಾಗಿ ಕೂಗಿದವು. ಗೈಡ್ ಹುಡುಗಿ ಬೆಚ್ಚಿಬಿದ್ದಳು.

ಹೊರಟರು. ಬಾಲದ ಇಂಜಿನಿನಿಂದ ಶುರು. ಮಗಳು ಪಕ್ಕದಲ್ಲಿ ಓಡುತ್ತ ಅದು ಯಾವ ಭಾಗ, ಇದು ಯಾವ ಟ್ಯಾಂಕು ಎಂದು ಹೇಳುತ್ತಿದ್ದಳು. ನಮ್ಮವರಿಗೆ ಕೇಳಿಸುತ್ತಿತ್ತೋ ಇಲ್ಲವೋ. ಭುಜ ಅಗಲ ಮಾಡಿ, ಗದ್ದ ಎತ್ತಿ, ಮಾರ್ಕೆಟ್ಟಿನ ಹತ್ತಿರ ಬರುವಾಗಿನ ಅದೇ ಮುಖ. ಒಂದು ಬಸ್ಸು, ಎರಡು ಬಸ್ಸು, ಮೂರು ಬಸ್ಸಿನ ದೂರ. ಉಳಿದ ಪ್ರವಾಸಿಗಳು ಗೋಡೆಗೆ ಸರಿದು ದಾರಿ ಬಿಟ್ಟರು. ರಾಕೆಟ್ಟಿನ ಮೂತಿಯ ಹತ್ತಿರ ಬಂದಾಗ ಇವರಿಗೆ ಹುರುಪು ತಡೆಯಲಿಲ್ಲ. ಸವಣೂರು ಬಸ್‌ಸ್ಟ್ಯಾಂಡಿಗೆ ಹೋಗುವಾಗ ಹೊಡೆಯುತ್ತಿದ್ದಂಥ ಒಂದು ಅಗಲ ತಿರುವು ಹೊಡೆದು, ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ನಮ್ಮವರು ಹಣೆಯ ಬೆವರು ಒರೆಸಿಕೊಂಡು, ಕೈಹಿಡಿದು ಇಳಿಸಲು ಜನ ಬರುವರೇನೋ ಎಂಬಂತೆ ಸುತ್ತ ನೋಡಿದರು.

ಹಮಾದಾ ತಿರುಗಿ ಕೂತು ಗಟ್ಟಿಯಾಗಿ, ಉದ್ದವಾಗಿ, ಬೆರಳು ಅಲ್ಲಾಡಿಸುತ್ತ ಮಾತಾಡಿದರು. ರೇಷ್ಮಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಏನಂತ? ಶಹಬ್ಬಾಸ್ ಅಂದ್ರೇನು?"

"ಇಲ್ಲಪಾ. ಕಂಪ್ಲೇಂಟ್ ಮಾಡಾಕತ್ತಾರ. ರಾಕೆಟ್ ಬಾಜೂಕ ಇಷ್ಟು ಜೋರ್ ಹೊಡೀಬಾರದಂತ. ತಿರುವಿನ್ಯಾಗ ಬ್ರೇಕ್ ಹಾಕಿದ್ದು ಭಾಳ ತಪ್ಪಂತ. ಇದು ಮಾಲು ಸಾಗಸೂ ರೀತಿ ಅಲ್ಲಂತ. ಮತ್ತ ಮೊದಲಿಂದ ಹೊಂಡು ಅಂತಾರ."

ಮೂವತ್ನಾಲ್ಕು ವರ್ಷದಲ್ಲಿ ಯಾವ ಪ್ಯಾಸೆಂಜರೂ ನಮ್ಮವರ ಮೇಲೆ ಕಂಪ್ಲೇಂಟ್ ಕೊಟ್ಟವನಲ್ಲ. ಮುಖ ಕೆಂಪಾದೀತು, ಕುರ್ಚಿ ಅಲ್ಲೇ ಬಿಟ್ಟು ಹೊರಗೆ ನಡೆದಾರು ಎಂದು ನಾನು ಹೆದರಿದೆ. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು, ಸಾಹೇಬರ ಮುಂದೆ ನಿಂತ ಹಾಗೆ.

"ತಪ್ಪಾತ್ರೀ ಯಜಮಾನ್ರ" ಎಂದರು. ನಾನು ಅವರ ಹೆಂಡತಿಯಾಗಿ ಈ ಮಾತನ್ನು ಕೇಳಿದ್ದು ಅದೇ ಮೊದಲು. "ಇನ್ನೊಮ್ಮೆ ಹೊಡಿತೇನಿ. ರಸ್ತಾ ನಿಮ್ದು, ನೀವು ಹೇಳಿದಂಗ."

ಗೈಡ್ ಹುಡುಗಿ ಗಡಿಯಾರ ನೋಡಿದಳು. ರೇಷ್ಮಾ ಅವಳ ಕಿವಿಯಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಬಹುಶಃ ಹಾನಗಲ್ಲಿನ ಡಿಪೋದಿಂದ ಈ ಏಳನೇ ನಂಬರಿನ ತನಕ ಎಲ್ಲವನ್ನೂ ಹೇಳಿರಬೇಕು. ಹುಡುಗಿ ಗಡಿಯಾರ ಕಟ್ಟಿದ ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಪಕ್ಕಕ್ಕೆ ಸರಿದಳು.

ಮತ್ತೆ ಬಾಲದಿಂದ ಶುರು, ಈ ಸಲ ಮನುಷ್ಯ ನಡೆಯುವುದಕ್ಕಿಂತ ನಿಧಾನ. ಹಮಾದಾ ಕೈ ಎತ್ತಿದರೆ ನಮ್ಮವರು ನಿಲ್ಲುತ್ತಿದ್ದರು, ಬೆರಳು ಅಲ್ಲಾಡಿಸಿದರೆ ಹೊರಡುತ್ತಿದ್ದರು. ಮುಟ್ಟುವ ಹಾಗಿರಲಿಲ್ಲ, ಹಮಾದಾರ ಅಂಗೈ ರಾಕೆಟ್ಟಿನಿಂದ ಒಂದು ಮಾರು ದೂರದಲ್ಲಿ ಗಾಳಿಯನ್ನೇ ಸವರುತ್ತ ಹೋಯಿತು. ಗಾಲಿಯ ಸಣ್ಣ ಕಿರಕಿರ ಒಂದೇ ಕೇಳುತ್ತಿತ್ತು. ಮೂತಿಯ ತಿರುವಿನಲ್ಲಿ ನಮ್ಮವರು ಉಸಿರು ಹಿಡಿದು, ನೀರು ತುಂಬಿದ ಕೊಡ ಇಟ್ಟಿದ್ದರೂ ತುಳುಕದ ಹಾಗೆ ಕುರ್ಚಿ ತಿರುಗಿಸಿ ನಿಲ್ಲಿಸಿದರು.

ಹಮಾದಾ ಏನೋ ಅಂದರು, ಸಣ್ಣ ದನಿಯಲ್ಲಿ, ತಲೆಬಾಗಿ.

"ಡ್ಯೂಟಿ ಮುಗಿಸಿದವ್ರಿಗೆ ಹೇಳೂ ಮಾತದು" ಎಂದಳು ರೇಷ್ಮಾ. "ಭಾಳ ದಣದೀರಿ, ಇನ್ನ ಮನೀಗೆ ಹೋಗ್ರಿ ಅಂದಂಗ."

ರಾಕೆಟ್ಟಿಗೆ ಹೇಳಿದರೋ, ನಮ್ಮವರಿಗೆ ಹೇಳಿದರೋ ನನಗೆ ತಿಳಿಯಲಿಲ್ಲ. ನಮ್ಮವರು ತಮಗೇ ಎಂದು ತಿಳಿದು ಟೋಪಿ ಹಾಕಿಕೊಂಡು ಸಲಾಮು ಹೊಡೆದರು. ಹಮಾದಾ ಕುರ್ಚಿಯಿಂದಲೇ ಕೈ ಚಾಚಿ ಅವರ ಕೈಹಿಡಿದು, ಕುರ್ಚಿಯ ಹಿಂದಿನಿಂದ ತಮ್ಮ ಮುಂದಕ್ಕೆ ಕರೆತಂದರು. ಕೊನೆಯ ಟ್ರಿಪ್ಪನ್ನು ಎರಡು ಸಲ ಹೊಡೆದ ಡ್ರೈವರ್ ನಮ್ಮ ಡಿಪೋದಲ್ಲಿ ಬೇರೆ ಯಾರೂ ಇಲ್ಲ.